ಕೈ ಒಳಗಿದೆ, ಕೂರಬೇಡಿ

ಗ್ಯಾರೇಜಿನ ತಗಡಿನ ಬಾಗಿಲು ಇನ್ನೂ ಅರ್ಧಕ್ಕಷ್ಟೇ ಏರಿದೆ. ಹೊರಗೆ ಬೀದಿದೀಪ ಆರಿಲ್ಲ. ಬಾಗಿಲಡಿಯಿಂದ ಬಗ್ಗಿ ಒಳಬಂದ ಹೆಂಗಸು ಶಾಲನ್ನು ಮೊಳೆಗೆ ಸಿಕ್ಕಿಸಿ, ಮೂಲೆಯ ಸ್ಟೌವ್ ಹೊತ್ತಿಸಿ ನೀರಿಡುತ್ತಾರೆ. ಆ ನೀರು ಟೀಗಲ್ಲ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಕುದಿ ಬರುವ ಮೊದಲೇ ಇಳಿಸಿ, ಎರಡು ರಬ್ಬರ್ ಚೀಲಗಳಿಗೆ ತುಂಬಿ, ಬಿರಡೆ ಬಿಗಿದು, ಒಂದನ್ನು ತಮ್ಮ ಬಲಗೈಗೆ ಒತ್ತಿ ಹಿಡಿಯುತ್ತಾರೆ. ಇನ್ನೊಂದನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಎದುರು ನಿಂತಿರುವ ನೀಲಿ ಕಾರಿನ ಸೀಟಿನಡಿಗೆ ಮೆಲ್ಲಗೆ ತಳ್ಳುತ್ತಾರೆ. ನಿದ್ದೆಹೋದ ಮಗುವಿನ ಕಾಲಿಗೆ ಹೊದಿಕೆ ಸರಿಮಾಡಿದಷ್ಟು ಮೆಲ್ಲಗೆ.

"ಪ್ಲಾಸ್ಟಿಕ್ಕಿಗೂ ಚಳಿಯಾಗುತ್ತೆ ಕಣ್ರೀ," ಎನ್ನುತ್ತಾರೆ. "ಬೆಚ್ಚಗಿದ್ರೆ ಹೇಳಿದ ಮಾತು ಕೇಳುತ್ತೆ, ಬಾಗುತ್ತೆ. ಚಳಿ ಹಿಡಿದ್ರೆ ಬಿಸ್ಕತ್ತಿನ ಥರ ಪಟ್ ಅನ್ನುತ್ತೆ. ನಮ್ಮ ಬೆರಳಿಗೂ ಅದೇ ತಾನೆ?"

ಸೀಟಕ್ಕ ಎಂದರೆ ಈ ಬೀದಿಯ ಉದ್ದಕ್ಕೂ ಗುರುತು. ಐವತ್ತು ದಾಟಿದ, ಕುಳ್ಳನೆಯ, ಕನ್ನಡಕವನ್ನು ಸದಾ ತಲೆಯ ಮೇಲೇರಿಸಿಕೊಂಡು ಓಡಾಡುವ ಹೆಂಗಸು. ಕಾರಿನ ಸೀಟನ್ನು ರಿಪೇರಿಗೆ ಹೊರತೆಗೆಯುವ ಮೊದಲು ಅದರ ಹೊಟ್ಟೆಯಡಿ ಕಚ್ಚಿಕೊಂಡಿರುವ ವಿದ್ಯುತ್ ಕೊಂಡಿಗಳನ್ನು ಬಿಡಿಸಿಕೊಡುವುದು ಇವರ ಕೆಲಸ. ಕೇಳಿದವರಿಗೆ 'ಅಷ್ಟೇನಾ?' ಅನ್ನಿಸುತ್ತದೆ.

ನಾಲ್ಕು ಬೋಲ್ಟ್ ಬಿಚ್ಚಿದರೆ ಸೀಟು ಕೈಗೆ ಬಂತು ಎಂದುಕೊಂಡವರು ಬಿಸಿಯಾಗುವ ಸೀಟನ್ನು ಬಿಚ್ಚಿ ನೋಡಿದವರಲ್ಲ. ಅದರ ಫೋಮಿನೊಳಗೆ ಬಿಸಿ ಹರಡುವ ತಂತಿಯ ಹಾಸು, ಕೆಳಗೆ ಸೀಟನ್ನು ಹಿಂದೆ ಮುಂದೆ ಸರಿಸುವ ಮೋಟರು, ಪಕ್ಕದಲ್ಲಿ ಏರ್‌ಬ್ಯಾಗು. ಎಲ್ಲದರ ವೈರುಗಳೂ ಸೀಟಿನಡಿಗೆ ಇಳಿದುಬಂದು, ಒಂದರೊಳಗೊಂದು ಕೂರುವ ಎರಡು ಪ್ಲಾಸ್ಟಿಕ್ ತಲೆಗಳಲ್ಲಿ ಕಾರಿನ ವೈರಿಗೆ ಸೇರಿಕೊಳ್ಳುತ್ತವೆ. ಗ್ಯಾರೇಜಿನವರ ಬಾಯಲ್ಲಿ ಅದು ಕಪ್ಲರ್. ಪ್ರತಿ ಕಪ್ಲರ್‌ಗೂ ಉಗುರಿನಗಲದ ಒಂದು ಲಾಕ್. ಅದನ್ನು ಅದುಮಿ ಹಿಡಿದುಕೊಂಡೇ ಎಳೆಯಬೇಕು. ಅದುಮದೆ ಎಳೆದರೆ ವೈರು ಕಿತ್ತು ಬರುತ್ತದೆ, ಮೈಮೇಲೆ ಬಂದವರಂತೆ ಅದುಮಿದರೆ ಲಾಕೇ ಮುರಿಯುತ್ತದೆ. ಆ ಲಾಕು ಯಾವಾಗಲೂ ಕಾಣದ ಕಡೆಗೇ ಮುಖ ಮಾಡಿಕೊಂಡಿರುತ್ತದೆ.

"ಹಾಗೆ ಕೂರಿಸಿದ ಪುಣ್ಯಾತ್ಮ ಯಾರೋ. ಸಿಕ್ಕಿದ್ರೆ ಬೈಯಲ್ಲ. ಒಂದು ಲೋಟ ಟೀ ಕೊಟ್ಟು, 'ನಿಮ್ಮ ಮನೆ ಗೋಡೆಗೆ ಸ್ವಿಚ್ಚು ಯಾವ ಕಡೆ ಇಟ್ಕೊಂಡಿದ್ದೀರಿ ಸ್ವಾಮಿ?' ಅಂತ ಕೇಳ್ತೀನಿ, ಅಷ್ಟೆ."

ಇವರು ಇಲ್ಲಿಗೆ ಬಂದದ್ದು ಹೊಲಿಯಲು. ಗ್ಯಾರೇಜು ಅಕ್ಕನ ಗಂಡನದು. ಮಗಳು ಶಾಲೆಗೆ ಹೋಗತೊಡಗಿದ ವರ್ಷ, 'ಗೋಡೆ ನೋಡ್ಕೊಂಡು ಕೂತು ಏನ್ಮಾಡ್ತೀಯಮ್ಮ, ಸೀಟಿನ ಕವರ್ ಹೊಲಿ ಬಾ' ಎಂದು ಭಾವನೇ ಕರೆದರಂತೆ. ಬಂದರು, ಹೊಲಿದರು. ಆಮೇಲೊಂದು ದಿನ ಮೇಸ್ತ್ರಿಯ ಕೈ ಸೀಟಿನಡಿ ಸಿಕ್ಕಿಕೊಂಡಿತು.

"ಅವನ ಕೈ ನೋಡಿದ್ದೀರಲ್ಲ, ಮೊರದಗಲ. ಒಳಗೆ ತೂರಿಸ್ದ, ಹೊರಗೆ ಬರಲಿಲ್ಲ. 'ಕೈ ಹೋಯ್ತು, ಕೈ ಹೋಯ್ತು' ಅಂತ ಇಡೀ ಬೀದಿಗೆ ಕೇಳೋ ಹಾಗೆ ಬೊಬ್ಬೆ. ಸೋಪಿನ ನೀರು ಹುಯ್ದದ್ದಾಯ್ತು, ಇಬ್ಬರು ಸೊಂಟ ಹಿಡಿದು ಎಳೆದದ್ದಾಯ್ತು. ನಾನು ಆಚೆ ಬಾಗಿಲಿಂದ ಕೈ ಹಾಕಿ ಮುಟ್ಟಿ ನೋಡ್ತೀನಿ, ಮಹಾರಾಯ ಕಪ್ಲರ್ ಬಿಟ್ಟೇ ಇಲ್ಲ! ಮುಷ್ಟಿ ಕಟ್ಕೊಂಡು ಹಿಡ್ಕೊಂಡಿದ್ದಾನೆ. ಮುಷ್ಟಿ ಹೊರಗೆ ಬರೋದಾದ್ರೂ ಹೇಗೆ? ನಾನೇ ಲಾಕ್ ಅದುಮಿ ಕಪ್ಲರ್ ಬಿಡಿಸ್ದೆ. ಕೈ ತಾನಾಗೇ ಬಂತು."

ಪಕ್ಕದ ಕಾರಿನ ಬಾನೆಟ್ಟಿನಡಿಯಿಂದ ಒಂದು ತಲೆ ಮೇಲೇಳುತ್ತದೆ. "ಪೇಪರಿನವರಿಗೂ ಹೇಳಿಬಿಟ್ರಾ ಅದನ್ನ? ನಾನು ಸತ್ತ ಮೇಲೂ ಬಿಡಲ್ಲ ನೀವು."

"ನಿನ್ನ ಫೋಟೋನೂ ಹಾಕ್ತಾರಂತೆ, ಹೋಗಿ ಮುಖ ತೊಳ್ಕೊಂಡು ಬಾ."

ಅಂದು ಒಳಹೋದ ಕೈ ಮತ್ತೆ ಹೊಲಿಗೆ ಮಿಷನ್ನಿನ ಕಡೆ ಪೂರ್ತಿ ತಿರುಗಲೇ ಇಲ್ಲ. ಮಾಮೂಲು ದಿನಗಳಲ್ಲಿ ನಾಲ್ಕೈದು ಸೀಟು. ಚಳಿ ಶುರುವಾಯಿತೆಂದರೆ ಅದರ ಎರಡರಷ್ಟು, ಏಕೆಂದರೆ ತಮ್ಮ ಸೀಟು ಬಿಸಿಯಾಗುತ್ತಿಲ್ಲವೆಂದು ಜನರಿಗೆ ಗೊತ್ತಾಗುವುದೇ ಮೈ ನಡುಗಿದ ಮೇಲೆ. ಬಾಗಿಲ ಬಳಿ ರಬ್ಬರ್ ಹಾಸು ಹಾಸಿ, ಒಂದು ಮಗ್ಗುಲಾಗಿ ಒರಗಿ, ಭುಜದವರೆಗೂ ಕೈಯನ್ನು ಸೀಟಿನಡಿಗೆ ಕಳಿಸುತ್ತಾರೆ. ಆಗ ಅವರ ಮುಖ ನೋಡಬೇಕು. ಕಣ್ಣು ಮುಚ್ಚಿರುತ್ತದೆ. ತುಟಿ ಸಣ್ಣಗೆ ಆಡುತ್ತಿರುತ್ತದೆ, ಕತ್ತಲ ಕೋಣೆಯಲ್ಲಿ ಮನೆಯ ಸಾಮಾನು ಹುಡುಕುವವರು ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುವ ಹಾಗೆ. ಮೊಣಕೈ ತರಚುತ್ತದೆ, ಕತ್ತು ಹಿಡಿದುಕೊಳ್ಳುತ್ತದೆ, ಒಮ್ಮೆ ಕೂದಲು ಸೀಟು ಸರಿಯುವ ಕಬ್ಬಿಣದ ರೇಲಿಗೆ ಸಿಕ್ಕಿ ಕತ್ತರಿ ತರಿಸಬೇಕಾಯಿತು. ಕಪ್ಲರ್ ಹುಡುಕುವ ಬೆರಳಿಗೆ ಒಂಟಿ ಓಲೆ, ಪೆನ್ನಿನ ಮುಚ್ಚಳ, ಗಟ್ಟಿಯಾದ ಚಾಕೊಲೇಟು ಸಿಗುತ್ತವೆ. ಒಂದು ಸಲ ಕಾಗದದಲ್ಲಿ ಸುತ್ತಿಟ್ಟ ಮಗುವಿನ ಹಾಲುಹಲ್ಲು ಸಿಕ್ಕಿತ್ತು. ಅದನ್ನು ಮರಳಿಸಿದಾಗ ಆ ತಾಯಿ ಅಲ್ಲೇ ನಿಂತು ಅತ್ತರಂತೆ. ಮಗ ಆಗಲೇ ಮೀಸೆ ಬಂದವನಾಗಿದ್ದ.

ಇಷ್ಟೆಲ್ಲದಕ್ಕೂ ಕಣ್ಣು ಬಲಗೈಯ ಹೆಬ್ಬೆರಳು. ಲಾಕು ಯಾವ ಕಡೆಗಿದೆ, ಎಷ್ಟು ಬಾಗಿತು, ಇನ್ನೆಷ್ಟು ಬಾಗಿದರೆ ಮುರಿದೀತು, ಎಲ್ಲ ಅದಕ್ಕೇ ಗೊತ್ತು. ಗೊತ್ತಿತ್ತು.

ಈ ಚಳಿಗಾಲದ ಶುರುವಿನಲ್ಲಿ ಒಂದು ಬೆಳಿಗ್ಗೆ ಸೀಟಕ್ಕ ಎಂದಿನಂತೆ ಮಲಗಿ ಹಿಂದಿನ ಬಾಗಿಲಿಂದ ಮುಂದಿನ ಸೀಟಿನಡಿಗೆ ಕೈ ಹಾಕಿದ್ದರು. ಗಿರಾಕಿಯೊಂದಿಗೆ ಫೋನಿನಲ್ಲಿ ಮಾತಾಡುತ್ತ ಬಂದ ಭಾವ ಮುಂದಿನ ಬಾಗಿಲು ತೆಗೆದು, ಆ ಸೀಟಿನ ಮೇಲೆ ಕುಳಿತುಬಿಟ್ಟರು.

ಭಾವ ದಪ್ಪನೆಯ ಮನುಷ್ಯ, ಮಾತು ಕಡಿಮೆ. ಆ ದಿನದ ಬಗ್ಗೆ ಕೇಳಿದರೆ ಎದ್ದು ಹೋಗಿ ನೀರು ಕುಡಿದು ಬರುತ್ತಾರೆ. "ಸ್ಪ್ರಿಂಗು ಇಳಿದದ್ದು ಗೊತ್ತಾಯ್ತು. ಅವಳು ಕಿರುಚಲಿಲ್ಲ. 'ಭಾವ, ಏಳಿ' ಅಂದ್ಲು. ಅಷ್ಟೇ. ಕಿರುಚಿದ್ರೆ ಚೆನ್ನಾಗಿತ್ತು."

ಸೀಟಿನ ಚೌಕಟ್ಟಿನ ತಗಡಿಗೆ ಅಂಚು ಚೂಪು. ಹೆಬ್ಬೆರಳ ಬುಡ ಸೀಳಿತ್ತು. ಹೊಲಿಗೆ ಬಿತ್ತು, ಗಾಯ ಮಾಯಿತು. ಆದರೆ ಬೆರಳ ತುದಿಗೆ ಜೀವ ಬರಲಿಲ್ಲ. ದಿನ ಬಿಟ್ಟು ದಿನ ಮನೆಗೇ ಬಂದು ಡ್ರೆಸ್ಸಿಂಗ್ ಮಾಡಿದ ನರ್ಸು ಮುಚ್ಚುಮರೆಯಿಲ್ಲದೆ ಹೇಳಿದರು: "ನರ ನಿಧಾನ ಸೀಟಕ್ಕ. ಬರಬಹುದು. ಬರದೇನೂ ಇರಬಹುದು. ನಾನು ಸುಳ್ಳು ಹೇಳಲ್ಲ."

ಸೀಟಕ್ಕನ ಗಂಡ ಮೂರು ಬೀದಿಯಾಚೆ ಸಲೂನು ಇಟ್ಟಿದ್ದಾರೆ. ಅವರೂ ಕೈಯಿಂದ ಬದುಕುವವರು, ಹಾಗಾಗಿ ಸುಮ್ಮನೆ ಕೂರಲಾಗಲಿಲ್ಲ. ಬೆಳಗಿನ ಕಾಫಿಯ ಹೊತ್ತಿಗೆ ಹೆಂಡತಿಯ ಕಣ್ಣು ಮುಚ್ಚಿಸಿ ಹೆಬ್ಬೆರಳಿಗೆ ಏನಾದರೊಂದು ತಾಗಿಸುವುದು, 'ಇದೇನು ಹೇಳು ನೋಡೋಣ' ಎನ್ನುವುದು ದಿನಚರಿಯಾಯಿತು. ಗುಂಡಿ, ಸ್ಪಂಜು, ಕತ್ತರಿಯ ಹಿಡಿ.

"ಒಂದಿನ ಬಾಚಣಿಗೆ ಅಂದ್ಲು," ಎಂದು ಅವರು ನಗುತ್ತಾರೆ. "ಬಾಚಣಿಗೆ ಎಲ್ಲಿಂದ ಬರಬೇಕು? ನನ್ನ ಗಡ್ಡ ಅದು."

"ಊರಿನವರದ್ದೆಲ್ಲ ಬೋಳಿಸ್ತಾರೆ, ತಮ್ಮದು ಬಿಟ್ಟು," ಎನ್ನುತ್ತಾರೆ ಸೀಟಕ್ಕ. "ಬೆರಳಿಗೆ ಗೊತ್ತಾಗದಿದ್ರೂ ಕಣ್ಣಿಗೆ ಕಾಣುತ್ತಲ್ರೀ, ಕ್ಷೌರ ಮಾಡ್ಕೊಳ್ಳಿ."

ನಗುವಿನ ಕೆಳಗೆ ಇಬ್ಬರಿಗೂ ಭಯವಿತ್ತು. ಗ್ಯಾರೇಜಿನಲ್ಲಿ ಭಾವ ಆಗಲೇ ಹೊಲಿಗೆ ಮಿಷನ್ನನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿದ್ದರು. ಹೊಸ ಬಲ್ಬು, ಬೆನ್ನಿಗೆ ಮೆತ್ತೆಯಿರುವ ಕುರ್ಚಿ. ರಟ್ಟಿನ ಹಲಗೆಯ ಮೇಲೆ ದಪ್ಪಕ್ಷರದಲ್ಲಿ 'ಕೈ ಒಳಗಿದೆ, ಕೂರಬೇಡಿ' ಎಂದು ತಾವೇ ಬರೆದು, ಯಾರೇ ಸೀಟಿನಡಿ ಕೈ ಹಾಕಲಿ ಮೊದಲು ಅದನ್ನು ಸೀಟಿನ ಮೇಲಿಡಬೇಕೆಂದು ಕಟ್ಟುನಿಟ್ಟು ಮಾಡಿದ್ದರು. ಸೀಟಕ್ಕ ಕೆಲಸಕ್ಕೆ ಮರಳಿದ ದಿನ ಕುರ್ಚಿ ತೋರಿಸಿ, "ಇನ್ನು ಇಲ್ಲೇ ಕೂತ್ಕೊಳ್ಳಮ್ಮ. ಸಂಬಳ ಗಿಂಬಳ ಎಲ್ಲ ಹಾಗೇ ಇರುತ್ತೆ. ಕೆಳಗೆ ಮಲಗೋದು ಸಾಕು," ಎಂದರು.

"ಅವರ ಮನಸ್ಸು ಒಳ್ಳೇದು, ಅದೇ ಕಷ್ಟ," ಎನ್ನುತ್ತಾರೆ ಸೀಟಕ್ಕ. "ಕೆಟ್ಟ ಮಾತಾಡಿದ್ರೆ ಜಗಳ ಆಡಬಹುದಿತ್ತು. ಹೊಲಿಗೆ ನಂಗೆ ಬರುತ್ತೆ, ಬೇಜಾರೂ ಇಲ್ಲ. ಆದ್ರೆ ನೋಡಿ, ಕವರ್ ಯಾರು ಬೇಕಾದ್ರೂ ಹೊಲೀತಾರೆ. ಸೀಟಿನ ಕೆಳಗೆ ನಾನು ಬೇಕು ಅಂತ ಕರೀತಾರೆ. ಹಾಗೆ ಕರೆಸ್ಕೊಳ್ಳೋದು ಅಭ್ಯಾಸ ಆಗಿಬಿಟ್ಟಿದೆ."

ಇವರಿಲ್ಲದ ದಿನಗಳಲ್ಲಿ ಮೇಸ್ತ್ರಿ ಕಪ್ಲರಿನ ಗೋಜಿಗೇ ಹೋಗುತ್ತಿರಲಿಲ್ಲ. ವೈರು ಕತ್ತರಿಸುವುದು, ಕೆಲಸ ಮುಗಿದ ಮೇಲೆ ತಿರುಚಿ ಟೇಪು ಸುತ್ತುವುದು. ಹೀಟರಿನ ವೈರು ಹೆಚ್ಚು ಕರೆಂಟು ಎಳೆಯುತ್ತದೆ, ಗಂಟು ಹಾಕಿದ ಕಡೆಯೇ ಬಿಸಿಯಾಗುತ್ತದೆ. ಕಾರುಗಳು ಒಂದೊಂದಾಗಿ ಹಿಂದಿರುಗಿ ಬಂದವು. "ಟೇಪು ಸುಟ್ಟ ವಾಸನೆ ಬಂದ್ರೆ ನಾನು ಹಿಂಬಾಗಿಲಿಂದ ಟೀ ಕುಡಿಯೋಕೆ ಹೋಗಿಬಿಡ್ತಿದ್ದೆ," ಎಂದು ಮೇಸ್ತ್ರಿಯೇ ಒಪ್ಪಿಕೊಳ್ಳುತ್ತಾರೆ.

ಕೊನೆಗೆ ಅತ್ತಲೂ ಇತ್ತಲೂ ಆಗದೆ ಸೀಟಕ್ಕನೇ ಒಂದು ಮಾತಿಗೆ ಬಂದರು. "ಭಾವ, ಒಂದು ಸೀಟು ಬಿಡಿ ನಂಗೆ. ಒಂದೇ ಒಂದು. ಲಾಕ್ ಮುರಿದ್ರೆ, ಇಲ್ಲ ಕೈಗೆ ಒಂದು ಗೀರು ಬಿದ್ರೂ, ನಾನೇ ಹೋಗಿ ಆ ಕುರ್ಚೀಲಿ ಕೂತ್ಕೋತೀನಿ. ಆಮೇಲೆ ಕೇಳಲ್ಲ."

ಆ ಒಂದು ಸೀಟು ಈ ಬೆಳಗಿನದು. ನೀಲಿ ಕಾರು ಅದೇ ನರ್ಸಿನದು. ಕಾರು ಹಳೆಯದು, ಪ್ಲಾಸ್ಟಿಕ್ಕೂ ಹಳೆಯದು. ಇದ್ದುದರಲ್ಲಿ ಸುಲಭದ್ದು ಆರಿಸಿಕೊಳ್ಳಬಹುದಿತ್ತಲ್ಲ ಎಂದರೆ ಸೀಟಕ್ಕ ಭುಜ ಕುಣಿಸುತ್ತಾರೆ. "ಅವರು ನನ್ನ ಕೈ ನೋಡಿದ್ರು. ಅವರ ಸೀಟು ನಾನು ನೋಡೋದು ಬೇಡ್ವಾ?"

ನರ್ಸು ಸೀಟಕ್ಕನಿಗಿಂತಲೂ ಕುಳ್ಳು. ಮನೆಯಿಂದ ಮನೆಗೆ ಗಾಯ ನೋಡುತ್ತ ತಿರುಗುವವರು. "ಸೀಟು ಒಂದು ಮಗ್ಗುಲು ಸುಡುತ್ತೆ, ಇನ್ನೊಂದು ಮಗ್ಗುಲು ಐಸು," ಎಂದು ಕಾರು ಬಿಟ್ಟುಹೋಗುವಾಗ ದೂರಿದ್ದರು. "ಅದನ್ನಾದ್ರೂ ತಡ್ಕೊಂಡಿದ್ದೆ. ಮೊನ್ನೆ ನನ್ನ ಮಗ ಓಡಿಸಿದ. ಅವನೋ, ಏಣಿ! ಸೀಟನ್ನ ಪೂರ್ತಿ ಹಿಂದೆ ತಳ್ಳಿ, ಪೂರ್ತಿ ಕೆಳಗಿಳಿಸಿದ. ಅಲ್ಲಿಗೆ ಸ್ವಿಚ್ಚು ಸತ್ತೋಯ್ತು. ಈಗ ಕಾಲು ಬ್ರೇಕಿಗೆ ಸಿಗಲ್ಲ. ಬೆನ್ನಿಗೆ ಮೂರು ದಿಂಬು ಇಟ್ಕೊಂಡು ಮಹಾರಾಣಿ ಥರ ಬಂದಿದ್ದೀನಿ."

ಸೀಟಕ್ಕನಿಗೆ ಮಹಾರಾಣಿಯಲ್ಲ, ಸೀಟಿನ ಸ್ಥಿತಿ ಕಾಣುತ್ತಿದೆ. ಸೀಟು ತಳಕ್ಕೆ ಕೂತರೆ ಕೆಳಗೆ ಬೆಕ್ಕಿನ ಮರಿ ನುಗ್ಗುವಷ್ಟೇ ಸಂದು. ಹಿಂದಕ್ಕೆ ಸರಿದ ಸೀಟು ಹಿಂದಿನ ಬೋಲ್ಟುಗಳನ್ನು ಮುಚ್ಚಿಬಿಟ್ಟಿದೆ. ಕಪ್ಲರ್ ಬಿಡಿಸಿ, ಬೇರೆ ಬ್ಯಾಟರಿಯಿಂದ ನೇರ ಮೋಟರಿಗೆ ಕರೆಂಟು ಕೊಟ್ಟರೆ ಮಾತ್ರ ಸೀಟು ಮುಂದೆ ಬಂದೀತು.

ಮೇಸ್ತ್ರಿ ಕಾರಿನ ಬ್ಯಾಟರಿಯ ತಂತಿ ತೆಗೆದು ಆಗಲೇ ಸಾಕಷ್ಟು ಹೊತ್ತಾಗಿದೆ. ಏರ್‌ಬ್ಯಾಗಿನಲ್ಲಿ ಉಳಿದ ಕರೆಂಟು ಆರಲು ಅಷ್ಟು ಕಾಯಲೇಬೇಕು. ಆ ಹೊತ್ತಿನಲ್ಲೇ ಬಿಸಿನೀರಿನ ಚೀಲ ತನ್ನ ಕೆಲಸ ಮಾಡಿಕೊಂಡಿದೆ. ಸೀಟಕ್ಕ ಚೀಲ ಎಳೆದು, ರಟ್ಟನ್ನು ಸೀಟಿನ ಮೇಲಿಟ್ಟು, ಮಲಗುತ್ತಾರೆ. ಏರ್‌ಬ್ಯಾಗಿನ ಹಳದಿ ಕಪ್ಲರ್ ಮುಂಭಾಗದಲ್ಲೇ ಇದೆ, ಎಡಗೈಯಲ್ಲೇ ಬಿಡಿಸುತ್ತಾರೆ. ಉಳಿದದ್ದು ಕರಿಯದು, ದೊಡ್ಡದು, ಹೀಟರು ಮೋಟರು ಎರಡರ ವೈರೂ ಸೇರುವಂಥದ್ದು. ಅದು ಆಳದಲ್ಲಿ, ಚೌಕಟ್ಟಿನ ಒಳಮಗ್ಗುಲಿಗೆ ಒಂದು ಕೊಕ್ಕೆಯಲ್ಲಿ ಕೂತಿದೆ. ಎಡಗೈಗೆ ಆ ಕಡೆ ತಿರುಗಲು ಜಾಗವಿಲ್ಲ. ಬಲಗೈಯೇ ಹೋಗಬೇಕು.

ಬಲಗೈ ಹೋಗುತ್ತದೆ. ಕಣ್ಣು ಮುಚ್ಚುತ್ತದೆ. ಮೇಸ್ತ್ರಿ ಸ್ಪ್ಯಾನರನ್ನು ಕೆಳಗಿಡಲೂ ಮರೆತು ಹಿಡಿದು ನಿಂತಿದ್ದಾರೆ. ಭಾವ ಆಫೀಸಿನ ಬಾಗಿಲಲ್ಲಿದ್ದಾರೆ. ಹತ್ತಿರ ಬರುವುದಿಲ್ಲ, ಒಳಗೂ ಹೋಗುವುದಿಲ್ಲ.

ಟಕ್.

"ಬಂತಾ?" ಮೇಸ್ತ್ರಿಯ ದನಿ.

"ಬಂತು." ಸೀಟಕ್ಕ ಎಳೆಯುತ್ತಾರೆ. ಎರಡು ತಲೆಗಳೂ ಒಂದನ್ನೊಂದು ಕಚ್ಚಿಕೊಂಡೇ ಇವೆ. ಮತ್ತೆ ಎಳೆಯುತ್ತಾರೆ. ಇಲ್ಲ.

ಹೆಬ್ಬೆರಳು ಸುಳ್ಳು ಹೇಳಿದೆ. ಅದು ಅದುಮಿದ್ದು ಲಾಕನ್ನಲ್ಲ, ಕಪ್ಲರನ್ನು ಚೌಕಟ್ಟಿಗೆ ಹಿಡಿದಿದ್ದ ಕೊಕ್ಕೆಯನ್ನು. ಸೀಟಕ್ಕನ ಕಣ್ಣು ತೆರೆದುಕೊಳ್ಳುತ್ತದೆ. ಇಷ್ಟು ವರ್ಷ 'ಆ ಕೊಕ್ಕೆ ಮಾತ್ರ ಮುಟ್ಟಬೇಡ' ಎಂದು ಮೇಸ್ತ್ರಿಗೆ ಬೈದುಕೊಂಡು ಬಂದವರು ಇವರೇ. ಅದು ಕಳಚಿದರೆ ಕಪ್ಲರ್ ಜೋತಾಡುತ್ತದೆ, ಮರಳಿ ಕೂರಿಸದೆ ಬಿಟ್ಟರೆ ಸೀಟು ಸರಿಯುವಾಗ ರೇಲಿಗೆ ಸಿಕ್ಕಿ ವೈರು ಜಜ್ಜಿಹೋಗುತ್ತದೆ. ಹೊಸಬರು ಮಾಡುವ ತಪ್ಪು. ಮುಖ ಕೆಂಪೇರುವುದು ನಿಂತವರಿಗೂ ಕಾಣುತ್ತದೆ. ಭಾವ ಒಂದು ಹೆಜ್ಜೆ ಮುಂದಿಡುತ್ತಾರೆ.

"ಸಾಕು ಬಿಡಮ್ಮ," ಎನ್ನುತ್ತಾರೆ, ಮೆಲ್ಲಗೆ.

ಸೀಟಕ್ಕ ಕೈ ತೆಗೆಯುವುದಿಲ್ಲ. ಅವರ ಕಿರುಬೆರಳಿಗೆ ಏನೋ ತಾಗುತ್ತಿದೆ, ತೂಗಾಡುತ್ತಿದೆ. ಕೊಕ್ಕೆಯಿಂದ ಬಿಟ್ಟ ಕಪ್ಲರ್ ಈಗ ವೈರು ಎಟುಕುವಷ್ಟು ದೂರ ಸ್ವತಂತ್ರ. ಕಿರುಬೆರಳನ್ನೇ ಬಗ್ಗಿಸಿ ಅದನ್ನು ಹತ್ತಿರಕ್ಕೆ ಎಳೆಯುತ್ತಾರೆ. ಬರುತ್ತದೆ. ಇನ್ನಷ್ಟು. ಸೀಟಿನ ಮುಂದಿನ ಅಂಚಿನವರೆಗೂ ಬಂದು ನಿಲ್ಲುತ್ತದೆ.

"ಮೇಸ್ತ್ರಿ, ಟಾರ್ಚು."

"ಟಾರ್ಚಾ? ನಿಮಗಾ?"

"ಅಲ್ಲ, ನನ್ನ ಅಜ್ಜಿಗೆ. ತಾರಯ್ಯ ಬೇಗ!"

ತಲೆಯ ಮೇಲಿದ್ದ ಕನ್ನಡಕ ಮೂಗಿಗೆ ಇಳಿಯುತ್ತದೆ. ಬೆಳಕು ಮೊದಲು ಸೀಟಕ್ಕನ ಮುಖಕ್ಕೆ ಬಿದ್ದು, ಬೈಸಿಕೊಂಡು, ಆಮೇಲೆ ಸೀಟಿನಡಿಗೆ ಹೋಗುತ್ತದೆ. ಅಲ್ಲಿದೆ ಲಾಕು, ಉಗುರಿನಗಲದ್ದು, ಧೂಳು ತುಂಬಿದ್ದು. ಇಷ್ಟು ವರ್ಷ ಸಾವಿರಾರು ಲಾಕುಗಳನ್ನು ಅದುಮಿದ ಹೆಂಗಸು ಒಂದನ್ನು ಸೀಟಿನಡಿಯಲ್ಲೇ ಮುಖಾಮುಖಿ ನೋಡುತ್ತಿರುವುದು ಇದೇ ಮೊದಲು. ಈಗ ಎಡಗೈಗೂ ಜಾಗವಿದೆ. ಬಲಗೈ ಹಿಡಿಯುತ್ತದೆ, ಎಡಗೈಯ ಹೆಬ್ಬೆರಳು ಅದುಮುತ್ತದೆ. ಬೆಚ್ಚಗಾದ ಪ್ಲಾಸ್ಟಿಕ್ಕು ಬಾಗುತ್ತದೆ, ಮುರಿಯುವುದಿಲ್ಲ. ಎರಡು ತಲೆಗಳೂ ಸದ್ದಿಲ್ಲದೆ ಬೇರೆಯಾಗುತ್ತವೆ.

ಮೇಸ್ತ್ರಿಗೆ ಖುಷಿ ತಡೆಯಲಾಗುವುದಿಲ್ಲ. "ಕೊಕ್ಕೆ ಮುಟ್ಟಿದ್ರೆ ಕೈ ಮುರೀತೀನಿ ಅಂತ ನಂಗೆ ಹೇಳಿದ್ದು ಯಾರಪ್ಪಾ?"

"ನೀನು ಮುಟ್ಟಿದ್ರೆ ಈಗಲೂ ಮುರೀತೀನಿ. ನಿಂಗೆ ವಾಪಸ್ ಕೂರಿಸೋಕೆ ಬರಲ್ಲ," ಎನ್ನುತ್ತಾರೆ ಸೀಟಕ್ಕ, ನೆಲದ ಮೇಲಿಂದಲೇ.

ಮೇಸ್ತ್ರಿ ಬೇರೆ ಬ್ಯಾಟರಿಯಿಂದ ಎರಡು ತಂತಿ ತಾಗಿಸುತ್ತಿದ್ದಂತೆ ಸೀಟು ಗುಂಯ್ ಎಂದು ಗೊಣಗುತ್ತ ಮುಂದೆ ಬರುತ್ತದೆ. ಆಮೇಲಿನದೆಲ್ಲ ನಿತ್ಯದ ಕೆಲಸ. ಬೋಲ್ಟು ಬಿಚ್ಚಿ ಸೀಟು ಹೊರಗೆ, ಸುಟ್ಟ ಹಾಸು ತೆಗೆದು ಹೊಸ ಹಾಸು, ಹೊಸ ಸ್ವಿಚ್ಚು, ಬಿಟ್ಟುಹೋದ ಅಂಚಿಗೆ ಸೀಟಕ್ಕನದೇ ಹೊಲಿಗೆ. ಸೀಟನ್ನು ಮರಳಿ ಇಳಿಸುವಾಗ ಅದನ್ನು ಹಿಂದಕ್ಕೆ ವಾಲಿಸಿ ಹಿಡಿಯುವಂತೆ ಹೇಳಿ, ಕಪ್ಲರ್ ಸೇರಿಸಿ, ಕೊಕ್ಕೆಯಲ್ಲಿ ಕೂರಿಸಿ, ಎಳೆದೆಳೆದು ನೋಡುತ್ತಾರೆ. ಜೋತಾಡುವುದಿಲ್ಲ.

ಮಧ್ಯಾಹ್ನ ನರ್ಸು ಬಂದು, ದಿಂಬುಗಳನ್ನು ಹಿಂದಕ್ಕೆಸೆದು, ಸೀಟಿನಲ್ಲಿ ಕೂತು ಸ್ವಿಚ್ಚು ಒತ್ತುತ್ತಾರೆ. ಕಾಲು ಬ್ರೇಕಿಗೆ ಸಿಗುತ್ತದೆ. ಆಮೇಲೆ ಹೀಟರಿನ ಗುಂಡಿ ಒತ್ತಿ, ಅಂಗೈಗಳನ್ನು ಸೀಟಿಗೆ ಊರಿ ಕಾಯುತ್ತಾರೆ. "ಬಂತು," ಎನ್ನುತ್ತಾರೆ ನರ್ಸು, ಕಣ್ಣರಳಿಸಿ. "ಎರಡೂ ಮಗ್ಗುಲು! ಸೀಟಕ್ಕ, ನಾನು ಇವತ್ತು ಯಾರ ಮನೆಗೂ ಹೋಗಲ್ಲ, ಇಲ್ಲೇ ಕೂತಿರ್ತೀನಿ." ಹಾಗೆಂದವರು ಮರುಕ್ಷಣವೇ ಗಡಿಯಾರ ನೋಡಿ, ಯಾರದೋ ಗಾಯ ಕಾಯುತ್ತಿದೆಯೆಂದು ಕಾರು ಹಿಂದಕ್ಕೆ ತೆಗೆಯುತ್ತಾರೆ.

ಭಾವ ಹತ್ತಿರ ಬಂದು ಸೀಟಕ್ಕನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಒಂದು ಗೀರೂ ಇಲ್ಲ.

"ಹೆಬ್ಬೆರಳು?"

"ಅದಿನ್ನೂ ರಜದಲ್ಲಿದೆ ಭಾವ. ಪಕ್ಕದವರು ಅದರ ಕೆಲಸ ನೋಡ್ಕೊಳ್ತಿದ್ದಾರೆ."

ಭಾವ ನಗುವುದಿಲ್ಲ, ಆದರೆ ಅವರ ಭುಜ ಇಳಿಯುತ್ತದೆ. ಅಷ್ಟರಲ್ಲಿ ಫೋನು. ಗಿರಾಕಿ ಏನು ಕೇಳಿದರೋ, ಭಾವನ ಉತ್ತರವಷ್ಟೇ ಕೇಳಿಸುತ್ತದೆ: "ಹೂಂ, ಬಿಸಿ ಸೀಟಾ? ನಾಳೆ ಬೆಳಿಗ್ಗೆ ತನ್ನಿ. ಇಲ್ಲ ಇಲ್ಲ, ವೈರು ಕತ್ತರಿಸಲ್ಲ. ನಮ್ಮಲ್ಲಿ ಅದಕ್ಕೇ ಅಂತ ಒಬ್ಬರಿದ್ದಾರೆ."

ಸೀಟಕ್ಕ ಕೇಳಿಸಿಕೊಂಡೂ ಕೇಳಿಸಿಕೊಳ್ಳದವರಂತೆ ರಬ್ಬರ್ ಹಾಸನ್ನು ಸುತ್ತುತ್ತಿದ್ದಾರೆ. ಫೋನಿಟ್ಟ ಭಾವ, "ನಾಳೆಗೆ ಏನಾದ್ರೂ ಬೇಕೇನಮ್ಮಾ?" ಎಂದು ಕೇಳುತ್ತಾರೆ.

"ಒಂದು ಟಾರ್ಚು ಕೊಡ್ಸಿ. ಹಣೆಗೆ ಕಟ್ಕೊಳ್ಳೋದು ಬರುತ್ತಲ್ಲ, ಅಂಥದ್ದು. ಮೇಸ್ತ್ರಿ ಕೈಗೆ ಕೊಟ್ರೆ ನನ್ನ ಮೂಗು ರಿಪೇರಿ ಮಾಡೋ ಹಾಗೆ ಹಿಡೀತಾನೆ." ಹಾಸನ್ನು ಗೋಡೆಗೊರಗಿಸಿ, ಎರಡೂ ಕೈಗಳನ್ನು ಒರೆಸಿಕೊಳ್ಳುತ್ತಾರೆ. "ಇಷ್ಟು ವರ್ಷ ಮುಟ್ಟಿ ನೋಡಿದ್ದಾಯ್ತು. ಇನ್ಮೇಲೆ ಒಂಚೂರು ಕಣ್ಣಾರೆ ನೋಡ್ತೀನಿ."